ಮುಲಾಜಿನ ಆರತಿ

ಬ್ಯಾಡಗಿ ಸೀಮೆಯ ಒಂದು ಊರಿನ ಹೊರಗೆ ಕಾರ್ಖಾನೆಯೊಂದಿತ್ತು. ಒಣಮೆಣಸಿನಕಾಯಿಯಿಂದ ಕೆಂಪು ಬಣ್ಣ ತೆಗೆಯುವುದು ಅಲ್ಲಿಯ ಕೆಲಸ. ಗಾಣದಲ್ಲಿ ಹಿಂಡಿ ತೆಗೆಯುವ ಬಣ್ಣವಲ್ಲ ಅದು. ಪುಡಿ ಮಾಡಿದ ಮೆಣಸಿನಕಾಯಿಯ ಮೇಲೆ ಹೆಕ್ಸೇನ್ ಎಂಬ ದ್ರಾವಕವನ್ನು ಹರಿಸುತ್ತಾರೆ. ಅಲ್ಲಿಯವರು ಅದನ್ನು ಸಾಲ್ವೆಂಟ್ ಎನ್ನುತ್ತಾರೆ. ನೋಡಲು ನೀರಿನಂತೆ, ಗುಣದಲ್ಲಿ ಪೆಟ್ರೋಲಿನ ತಮ್ಮ. ಅದು ಪುಡಿಯೊಳಗಿನ ಬಣ್ಣವನ್ನೆಲ್ಲ ಎಳೆದುಕೊಂಡು ಹೊರಗೆ ಬರುತ್ತದೆ. ಆಮೇಲೆ ಕಾಯಿಸಿದರೆ ಸಾಲ್ವೆಂಟ್ ಆವಿಯಾಗಿ ಹೋಗಿ ಬಣ್ಣ ಉಳಿಯುತ್ತದೆ.

ಆ ಆವಿಯದೇ ಭಯ. ಅದು ಕಣ್ಣಿಗೆ ಕಾಣುವುದಿಲ್ಲ. ಹೊಗೆಯಂತೆ ಮೇಲಕ್ಕೂ ಹೋಗುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿದು, ತಗ್ಗು ಸಿಕ್ಕಲ್ಲಿ ಮಲಗುತ್ತದೆ. ಒಂದು ಕಿಡಿ ತಗಲುವವರೆಗೆ ಮಲಗಿಯೇ ಇರುತ್ತದೆ.

ಈ ಕಾರ್ಖಾನೆಯ ಇನ್‌ಚಾರ್ಜ್ ಗದಿಗೆಪ್ಪ. ಚೀಲ ಹೊರುವ ಆಳಾಗಿ ಸೇರಿದವನು, ಕೆಲಸ ಕಲಿತು ಮೇಲೆ ಬಂದಿದ್ದ. ಬಲು ಶಿಸ್ತಿನ ಮನುಷ್ಯ. ಯಂತ್ರದ ಮನೆಯ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆಸಿದ್ದ. ಗೆರೆಯ ಒಳಗೆ ಮೊಬೈಲ್ ಇಲ್ಲ, ಬೆಂಕಿಪೊಟ್ಟಣ ಇಲ್ಲ, ಮೊಳೆ ಹೊಡೆದ ಚಪ್ಪಲಿ ಇಲ್ಲ. ಮೈಮೇಲೆ ಹತ್ತಿಯ ಬಟ್ಟೆಯೇ ಇರಬೇಕು, ಏಕೆಂದರೆ ರೇಷ್ಮೆ, ನೈಲಾನು ಉಜ್ಜಿದರೂ ಕಿಡಿ ಹಾರುತ್ತದೆ. ಸ್ಪ್ಯಾನರ್ ಕೂಡ ಕಬ್ಬಿಣದ್ದಲ್ಲ, ಹಿತ್ತಾಳೆಯದು. ಯಂತ್ರ ನಿಂತಿದ್ದರೂ ಸರಿ, ಆವಿ ಕಂಡರೆ ಕೂಗಿಕೊಳ್ಳುವ ಗ್ಯಾಸ್ ಮೀಟರ್ ಹಿಡಿದು, ಆವಿ ಇಲ್ಲವೆಂದು ನೋಡಿಕೊಳ್ಳದೆ ಯಾರೂ ಒಳಗೆ ಕಾಲಿಡುವಂತಿಲ್ಲ.

ಹೊಸಬರು ಕೆಲಸಕ್ಕೆ ಬಂದರೆ ಗದಿಗೆಪ್ಪ ಅವರನ್ನು ಗೆರೆಯ ಮುಂದೆ ನಿಲ್ಲಿಸಿ ಹೇಳುತ್ತಿದ್ದ. “ನೋಡ್ರಪಾ, ಬೆಂಕಿಗೆ ಮುಲಾಜಿಲ್ಲ. ಇಂವ ಹಿರಿಯ, ಇಂವ ಬೀಗ, ಇಂವ ನಮ್ಮಾಂವ ಅಂತ ಅದು ನೋಡಂಗಿಲ್ಲ. ಹಂಗಾಗಿ ನನಗೂ ಮುಲಾಜಿಲ್ಲ.”

ಒಮ್ಮೆ ಒಬ್ಬ ಲಾರಿ ಡ್ರೈವರ್ ಅಂಗಿಯ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಗೆರೆ ದಾಟಿದ. ಗದಿಗೆಪ್ಪ ಎಲ್ಲರ ಮುಂದೆ ಅವನ ಕೊರಳಪಟ್ಟಿ ಹಿಡಿದು ಹೊರಗೆ ತಂದ. ಬಾಯಿಗೆ ಬಂದಂತೆ ಬೈದ. ಡ್ರೈವರ್ ಗದಿಗೆಪ್ಪನಿಗಿಂತ ಹಿರಿಯ. ತಲೆ ಕೆಳಗೆ ಹಾಕಿ ನಿಂತಿದ್ದ. ಅಂದು ಆಳುಗಳೆಲ್ಲ, ನಮ್ಮ ಸಾಹೇಬರೆಂದರೆ ಸಾಹೇಬರು ಎಂದು ಮಾತಾಡಿಕೊಂಡರು. ಆ ಮಾತು ಗದಿಗೆಪ್ಪನ ಕಿವಿಗೂ ಬಿತ್ತು. ಅವನಿಗೆ ಹಿತವಾಯಿತು.

ಮಹಾನವಮಿ ಬಂತು. ಆ ದಿನ ಆ ಕಡೆ ಊರೂರಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ. ನೇಗಿಲು, ತಕ್ಕಡಿ, ಟ್ರ್ಯಾಕ್ಟರ್, ಹೊಲಿಗೆ ಯಂತ್ರ, ಅನ್ನ ಕೊಡುವುದಕ್ಕೆಲ್ಲ ಹೂವು, ವಿಭೂತಿ. ಕಾರ್ಖಾನೆಯಲ್ಲಿಯೂ ಪ್ರತಿವರ್ಷ ಪೂಜೆ ನಡೆಯುತ್ತಿತ್ತು. ಆದರೆ ಅದು ಗೇಟಿನ ಪಕ್ಕದ ಆಫೀಸಿನಲ್ಲಿ, ಯಂತ್ರದ ಮನೆಯಿಂದ ದೂರ. ದೀಪ, ಕರ್ಪೂರ, ಊದಿನಕಡ್ಡಿ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಆ ವರ್ಷ ಬೆಳಿಗ್ಗೆ ಗದಿಗೆಪ್ಪ ಸ್ನಾನ ಮಾಡಿ ಅಂಗಿ ತೊಡುತ್ತಿದ್ದಾಗ ಕಾರ್ಖಾನೆಯ ಮಾಲೀಕರ ಫೋನು ಬಂತು. ಅವರ ಹೆಸರು ಮುರಿಗೆಪ್ಪ. ಎಲ್ಲರೂ ಸಾವ್ಕಾರರು ಎಂದೇ ಕರೆಯುತ್ತಿದ್ದರು.

“ಗದಿಗೆಪ್ಪ, ಅವ್ವ ಹಟ ಹಿಡದಾಳ ನೋಡಪಾ. ಕಣ್ಣಿನ ಪೊರಿ ತಗಸೋ ಮುಂದ ಹರಕಿ ಹೊತ್ತಿದ್ಲಂತ. ಕಣ್ಣು ಚಲೋ ಆದ್ರ, ಮಗನ ದೊಡ್ಡ ಮಷಿನ್ನ ಕಣ್ಣಾರೆ ನೋಡಿ, ಅದಕ್ಕ ಆರತಿ ಬೆಳಗತೀನಿ ಅಂತ. ಆಫೀಸಿನಾಗ ಬ್ಯಾಡಂತ ಆಕಿಗೆ. ಒಳಗ ಹೋಗಬೇಕಂತ. ನಡೀತೈತಲ್ಲ?”

‘ಇಲ್ರೀ’ ಎಂಬ ಮಾತು ಗದಿಗೆಪ್ಪನ ಗಂಟಲಿನವರೆಗೆ ಬಂತು.

ಆದರೆ ಕೇಳುತ್ತಿರುವುದು ಯಾರಿಗಾಗಿ? ಸಾವ್ಕಾರರ ತಾಯಿ ಗುರುಸಿದ್ದವ್ವನವರಿಗಾಗಿ. ಊರೆಲ್ಲ ಅವರನ್ನು ಅವ್ವಾರು ಎನ್ನುತ್ತಿತ್ತು. ಗದಿಗೆಪ್ಪನ ಹೆಂಡತಿ ಹೆರಿಗೆಯಲ್ಲಿ ಕಷ್ಟಪಟ್ಟಾಗ ಕಾರು ಕೊಟ್ಟು ಕಳಿಸಿ, ತಾವೂ ಬಂದು ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು. ಅಂಥವರಿಗೆ ಬೇಡ ಎನ್ನುವುದು ಹೇಗೆ? ಅದೂ ಹಬ್ಬದ ದಿನ? ಅದೂ ದೇವರ ಕೆಲಸಕ್ಕೆ?

“ಮಷಿನ್ ಬಂದ್ ಇರತೈತ್ರಿ ಸಾವ್ಕಾರ್ರ. ನಡೀತೈತಿ ತಗೋರಿ,” ಎಂದ.

“ನೀ ಹೂಂ ಅಂದ್ರ ಮುಗೀತು,” ಎಂದರು ಸಾವ್ಕಾರರು.

ಫೋನು ಇಟ್ಟ ಮೇಲೆ ಗದಿಗೆಪ್ಪನಿಗೆ ಒಳಗೊಳಗೇ ಕಸಿವಿಸಿ. ಹಬ್ಬಕ್ಕೆಂದು ಹಿಂದಿನ ಸಂಜೆಯೇ ಯಂತ್ರ ನಿಲ್ಲಿಸಿದ್ದರು ನಿಜ. ಆದರೆ ಒಳಗಿನ ಸಾಲ್ವೆಂಟ್ ಪೂರ್ತಿ ಖಾಲಿ ಮಾಡಿರಲಿಲ್ಲ. ಪೂಜೆಗೆಂದು ಕರೆಂಟು ತೆಗೆದಿದ್ದರಿಂದ ಗಾಳಿ ಎಳೆಯುವ ಫ್ಯಾನುಗಳೂ ನಿಂತಿದ್ದವು. ಮೀಟರ್ ಹಿಡಿದು ನೋಡಬೇಕು ಎಂದುಕೊಂಡ. ಕಾರ್ಖಾನೆಗೆ ಬಂದರೆ ಆಗಲೇ ಬಂಧುಬಳಗ ಇಳಿಯುತ್ತಿತ್ತು. ಎಲ್ಲರ ಎದುರಿಗೆ ಮೀಟರ್ ಹಿಡಿದು ಅದೇನಾದರೂ ಕೂಗಿಕೊಂಡರೆ, ಆಗ ಬೇಡ ಎನ್ನಲೇಬೇಕಾಗುತ್ತದೆ. ಹಿಡಿಯದಿದ್ದರೆ ಆ ಪ್ರಶ್ನೆಯೇ ಇಲ್ಲ. ಆರತಿ ಎಂದರೆ ಎಷ್ಟು ಹೊತ್ತಿನ ಕೆಲಸ? ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತದೆ. ಹಾಗೆಂದುಕೊಂಡು ಮೀಟರನ್ನು ಆಫೀಸಿನ ಗೂಟದಲ್ಲೇ ಬಿಟ್ಟ.

ಅವ್ವಾರು ಆಫೀಸಿನಲ್ಲಿ ಆರತಿ ಹಚ್ಚಿಕೊಂಡರು. ಹಿತ್ತಾಳೆಯ ತಟ್ಟೆ, ತುಪ್ಪದ ಬತ್ತಿ, ಕುಂಕುಮ, ಅಕ್ಕಿಕಾಳು. ಗಾಳಿಗೆ ದೀಪ ಆರದಂತೆ ಸೆರಗು ಅಡ್ಡ ಹಿಡಿದು ಅಂಗಳದಲ್ಲಿ ಮೆಲ್ಲಗೆ ನಡೆದರು. ಹೊಸದಾಗಿ ಬಂದ ಕಣ್ಣಿನಿಂದ ಕಾರ್ಖಾನೆಯನ್ನು ಆಚೆ ಈಚೆ ನೋಡುತ್ತಿದ್ದರು. ಮುಖದಲ್ಲಿ ಮಗುವಿನ ಹಿಗ್ಗು. ಹಿಂದೆ ಸಾವ್ಕಾರರು, ಅವರ ಹಿಂದೆ ರೇಷ್ಮೆ ಸೀರೆಯ ಹೆಂಗಸರು, ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದ ನೆಂಟರು. ಎಲ್ಲರ ಮುಂದೆ ದಾರಿ ತೋರಿಸುತ್ತ ಗದಿಗೆಪ್ಪ.

ಹಳದಿ ಗೆರೆಯ ಹತ್ತಿರ ವಾಚ್‌ಮನ್ ನಿಂತಿದ್ದ. ಮೊಬೈಲ್ ಇಸಿದುಕೊಂಡು ಇಡುವ ಪೆಟ್ಟಿಗೆ ಅವನ ಕೈಯಲ್ಲಿತ್ತು. ಅವನು ಪೆಟ್ಟಿಗೆ ಮುಂದೆ ಚಾಚಿ ಗದಿಗೆಪ್ಪನ ಮುಖ ನೋಡಿದ. ಗದಿಗೆಪ್ಪ ಕಣ್ಣಿನಲ್ಲೇ, ಇರಲಿ ಬಿಡು ಎಂದ. ವಾಚ್‌ಮನ್ ಪೆಟ್ಟಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

ಅಷ್ಟರಲ್ಲಿ ಲ್ಯಾಬಿನ ಬಾಗಿಲಲ್ಲಿ ದಾನೇಶ್ವರಿ ಕಾಣಿಸಿಕೊಂಡಳು. ಬಣ್ಣದ ಗುಣ ಪರೀಕ್ಷೆ ಮಾಡುವ ಕೆಮಿಸ್ಟ್ ಅವಳು. ಗದಿಗೆಪ್ಪ ಅವಳನ್ನು ದಾನಮ್ಮ ಎನ್ನುತ್ತಿದ್ದ. ಪೂಜೆ ಆಫೀಸಿನಲ್ಲಿ ಎಂದುಕೊಂಡು, ಹಣ್ಣು ಹೆಚ್ಚಿಡಲು ಬಂದಿದ್ದಳು. ಉರಿಯುವ ಆರತಿ ಯಂತ್ರದ ಮನೆಯ ಕಡೆ ಹೋಗುತ್ತಿರುವುದು ಕಂಡು ಅವಳ ಕೈಯ ಚಾಕು ಹಾಗೇ ನಿಂತಿತು. ಮೇಲೆ ನೋಡಿದಳು. ಗಾಳಿ ಎಳೆಯುವ ಫ್ಯಾನು ತಿರುಗುತ್ತಿರಲಿಲ್ಲ.

“ಸರ್! ಮೀಟರ್ ಹಿಡದೀರೇನ್ರಿ?”

ಗದಿಗೆಪ್ಪನಿಗೆ ಚೆನ್ನಾಗಿ ಕೇಳಿಸಿತು. ಆದರೆ ಕೇಳಿಸದವನಂತೆ ನಡೆದ.

“ಗದಿಗೆಪ್ಪ ಸರ್! ನಿಂದರ್ರಿ!”

ಅವನು ನಿಲ್ಲಲಿಲ್ಲ. ದಾನೇಶ್ವರಿ ಚಾಕು ಅಲ್ಲೇ ಬಿಟ್ಟು ಓಡಿ ಬಂದಳು. ಗೆರೆಯ ಹತ್ತಿರ ಅವ್ವಾರ ಎದುರು ಎರಡೂ ಕೈ ಅಡ್ಡ ಚಾಚಿ ನಿಂತಳು.

“ಅವ್ವಾರ, ನಿಮಗ ಕೈ ಮುಗೀತೀನಿ, ಒಳಗ ಬ್ಯಾಡ್ರಿ. ದೀಪ ಒಳಗ ಒಯ್ಯಬ್ಯಾಡ್ರಿ.”

ಅವ್ವಾರು ಅರ್ಥವಾಗದೆ ಮಗನ ಕಡೆ ನೋಡಿದರು. ಸಾವ್ಕಾರರು, “ಏ, ಸರಿ ಆಚೆ. ಗದಿಗೆಪ್ಪನೇ ನಡೀತೈತಿ ಅಂದಾನ,” ಎಂದರು. ಹಿಂದಿನವರು ಮುಂದೆ ನೂಕಿದರು. ಅವ್ವಾರು ಹೆಜ್ಜೆ ಎತ್ತಿಯೇಬಿಟ್ಟರು.

ಗೆರೆಯ ಪಕ್ಕದ ಕಂಬಕ್ಕೆ ಮರಳು ತುಂಬಿದ ಕೆಂಪು ಬಕೆಟ್ ತೂಗುಹಾಕಿತ್ತು. ದಾನೇಶ್ವರಿ ಅವ್ವಾರ ಕೈಯಿಂದ ತಟ್ಟೆ ಕಸಿದುಕೊಂಡಳು. ಕಸಿದವಳೇ ಮರಳಿನಲ್ಲಿ ಬೋರಲು ಹಾಕಿ ಒತ್ತಿ ಹಿಡಿದಳು.

ದೀಪ ಆರಿತು. ಕುಂಕುಮ ಮರಳಿನ ಮೇಲೆ ಚೆಲ್ಲಿತು.

ಒಬ್ಬ ಹೆಂಗಸು, “ಅಯ್ಯ ಶಿವನ! ಹಬ್ಬದ ಆರತಿ ಆರಿಸಿಬಿಟ್ಲಲ್ಲ!” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವಾರ ಖಾಲಿ ಕೈಗಳು ತಟ್ಟೆ ಹಿಡಿದ ಹಾಗೆಯೇ ಇದ್ದವು.

ಸಾವ್ಕಾರರ ಮುಖ ಮೆಣಸಿನಕಾಯಿಯಂತಾಯಿತು. “ಗದಿಗೆಪ್ಪ! ನೀ ಹೇಳು. ಎಲ್ಲಾರ ಮುಂದ ಹೇಳು. ಇಲ್ಲಿ ಏನರ ಅಪಾಯ ಇತ್ತೇನು?”

ಎಲ್ಲರ ಕಣ್ಣೂ ಗದಿಗೆಪ್ಪನ ಮೇಲೆ. ದಾನೇಶ್ವರಿಯೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಭಯ ಇರಲಿಲ್ಲ. ಸರ್ ಈಗ ಹೇಳುತ್ತಾರೆ ಎಂಬ ಭರವಸೆ ಇತ್ತು. ತಾನು ಕಲಿತದ್ದೆಲ್ಲ ಇವರಿಂದಲೇ ಅಲ್ಲವೇ ಎಂಬ ನೋಟ.

ನಿಜ ಹೇಳಿದರೆ ಬೆಳಿಗ್ಗೆ ಹೂಂ ಎಂದದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಗದಿಗೆಪ್ಪನ ನಾಲಿಗೆ ತಾನಾಗಿಯೇ ಹೊರಳಿತು.

“ಮಷಿನ್ ಬಂದ್ ಐತ್ರಿ ಸಾವ್ಕಾರ್ರ. ಅಂಥಾದ್ದೇನಿಲ್ರಿ. ಆ ಹುಡುಗಿ ಸ್ವಲ್ಪ ಗಾಬರಿ ಆಗ್ಯಾಳ.”

ದಾನೇಶ್ವರಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಗದಿಗೆಪ್ಪ ಕಣ್ಣು ಕೆಳಗೆ ಹಾಕಿದ.

“ನಾ ಕರಸೂತನಕ ಕೆಲಸಕ್ಕ ಬರಬ್ಯಾಡ,” ಎಂದರು ಸಾವ್ಕಾರರು. ಅವಳು ಕೈಗೆ ಅಂಟಿದ ಮರಳು ಕೊಡವಿಕೊಂಡು, ಲ್ಯಾಬಿನಿಂದ ತನ್ನ ಚೀಲ ತೆಗೆದುಕೊಂಡು, ಗೇಟು ದಾಟಿ ಹೋದಳು.

ಮತ್ತೆ ಆರತಿ ಹಚ್ಚೋಣ ಎಂದು ಯಾರೋ ಅಂದರು. ಅವ್ವಾರು ತಲೆಯಾಡಿಸಿದರು. “ಬ್ಯಾಡ. ದೇವರು ನನ್ನ ಆರತಿ ಒಲ್ಲೆ ಅಂದಾನ. ಮನಿಗೆ ನಡೀರಿ,” ಎಂದರು. ಸೊಸೆಯ ಹೆಗಲು ಹಿಡಿದು ಕಾರು ಹತ್ತಿದರು. ಜನರೂ ಒಬ್ಬೊಬ್ಬರಾಗಿ ಚದುರಿದರು.

ಅಂಗಳ ಖಾಲಿಯಾಯಿತು. ಗದಿಗೆಪ್ಪ ಆಫೀಸಿಗೆ ಹೋಗಿ ಮೀಟರ್ ತೆಗೆದುಕೊಂಡ. ಏನೂ ಇರಲಾರದು, ನೋಡಿ ಸಮಾಧಾನ ಮಾಡಿಕೊಳ್ಳೋಣ ಎಂದುಕೊಂಡ. ತಾನು ಹೇಳಿದ್ದು ಸುಳ್ಳಲ್ಲ ಎಂದು ಯಾರಾದರೂ ಹೇಳಬೇಕಾಗಿತ್ತು ಅವನಿಗೆ, ಮೀಟರಾದರೂ ಸರಿ.

ಯಂತ್ರದ ಮನೆಯ ಬಾಗಿಲಲ್ಲೇ ಅದು ಚಿಟಿಚಿಟಿ ಎಂದಿತು. ಹೊಸ್ತಿಲ ಹೊರಗೇ ನಿಂತು, ಉದ್ದನೆಯ ಬಿದಿರ ಕೋಲಿಗೆ ಕಟ್ಟಿದ ಮೀಟರನ್ನು ಒಳಗಿನ ಚರಂಡಿಗುಂಡಿಯ ಕಡೆ ನೂಕಿದ. ಗುಂಡಿಯ ಬಾಯಿಗೆ ಹೋಗುವ ಮೊದಲೇ ಮೀಟರ್ ಎದೆ ಒಡೆದಂತೆ ಕಿರುಚಿಕೊಂಡಿತು. ಪಂಪಿನ ಸಂದಿಯಿಂದ ಸಾಲ್ವೆಂಟ್ ಹನಿಹನಿಯಾಗಿ ತೊಟ್ಟಿಕ್ಕಿ ರಾತ್ರಿಯಿಡೀ ಗುಂಡಿಯಲ್ಲಿ ಸೇರಿತ್ತು. ಅದರ ಆವಿ ನೆಲದ ಮೇಲೆ ಹಾಸಿಕೊಂಡಿತ್ತು.

ಗುಂಡಿಯ ಅಂಚಿಗೆ, ಯಂತ್ರದ ಎದುರು, ಮೊದಲೇ ಬಂದಿದ್ದ ನೆಂಟರು ಯಾರೋ ಬೆಳಿಗ್ಗೆಯೇ ಚೆಂದದ ರಂಗೋಲಿ ಹಾಕಿದ್ದರು. ಮೇಲೆ ಒಂದು ಮಣೆ ಇಟ್ಟಿದ್ದರು. ಆರತಿ ತಟ್ಟೆ ಇಡಲು.

ಗದಿಗೆಪ್ಪ ಮೀಟರನ್ನು ಹಿಂದಕ್ಕೆ ಎಳೆದುಕೊಂಡ. ಅವನ ಕೈ ತನ್ನ ಕೆಲಸ ಮರೆತಿರಲಿಲ್ಲ. ವಾಚ್‌ಮನ್‌ನನ್ನು ಗೇಟಿನಾಚೆ ಕಳಿಸಿದ. ದೊಡ್ಡ ಬಾಗಿಲುಗಳನ್ನೆಲ್ಲ ಮೆಲ್ಲಗೆ ತೆರೆದಿಟ್ಟ. ದೂರದ ಕೋಣೆಯಲ್ಲಿ ಕರೆಂಟು ಹಾಕಿ, ಕಿಡಿ ಹಾರದಂತೆ ಮಾಡಿಸಿದ್ದ ಫ್ಯಾನುಗಳನ್ನು ಅಲ್ಲಿಯ ಸ್ವಿಚ್ಚಿನಿಂದಲೇ ಹಚ್ಚಿದ. ಮೀಟರ್ ಸುಮ್ಮನಾದ ಮೇಲೆ ಒಳಗೆ ಹೋಗಿ ಹಿತ್ತಾಳೆಯ ಸ್ಪ್ಯಾನರಿನಿಂದ ಪಂಪನ್ನು ಬಿಗಿ ಮಾಡಿದ. ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತ.

ಈಗ ಏನೂ ಉಳಿದಿರಲಿಲ್ಲ. ಆವಿ ಹೋಗಿತ್ತು. ಕಂಡವರು ಯಾರೂ ಇರಲಿಲ್ಲ. ಅವನು ಬಾಯಿ ಬಿಡದಿದ್ದರೆ ಅವನು ಹೇಳಿದ್ದೇ ನಿಜವಾಗಿ ಉಳಿಯುತ್ತಿತ್ತು.

ಮನೆಗೆ ಹೋದ. ಹೆಂಡತಿ ಕಾಶವ್ವ ಹೋಳಿಗೆ ಬಡಿಸಿದಳು. ಅರ್ಧಕ್ಕೇ ಕೈ ತೊಳೆದುಕೊಂಡ. ಮಗಳು ಬಂದು ಮಡಿಲಲ್ಲಿ ಕೂತಳು. ಅವ್ವಾರು ಆಸ್ಪತ್ರೆಯಲ್ಲಿ ಮೊದಲು ಎತ್ತಿಕೊಂಡ ಮಗು ಅದು. ಅವ್ವಾರ ಉಪಕಾರ ತೀರಿಸಿದ್ದು ಹೀಗೇ ಏನು ಎಂದು ತನ್ನನ್ನೇ ಕೇಳಿಕೊಂಡ. ಮಗುವಿನ ಮುಖ ನೋಡಲಾಗದೆ ಕೆಳಗಿಳಿಸಿದ.

“ಅವ್ವಾರು ನಿನ್ನೆಯಿಂದ ಊಟನ ಬಿಟ್ಟಾರಂತ,” ಎಂದಳು ಕಾಶವ್ವ ಮರುದಿನ. “ಆರತಿ ಆರೇತಿ, ಮನಿತನಕ್ಕ ಏನೋ ಕೇಡು ಐತಿ ಅಂತ ಅಳಾಕತ್ತಾರಂತ. ಆ ಹುಡುಗಿಗೆ ಊರ ಮಂದಿಯೆಲ್ಲ ಛೀ ಥೂ ಅನ್ನಾಕತ್ತೈತಿ. ಆಕಿ ಅವ್ವ ನೀರಿಗೆ ಹ್ವಾದ್ರೂ ಮಂದಿ ಮಾತಾಡಸವಲ್ರು.”

ಗದಿಗೆಪ್ಪನಿಗೆ ಆ ಲಾರಿ ಡ್ರೈವರನ ಬಗ್ಗಿದ ತಲೆ ನೆನಪಾಯಿತು. ಬಡವನ ಮುಂದೆ ನನ್ನ ನಿಯಮ ಹುಲಿಯಾಗಿತ್ತು, ಧಣಿಯ ಮುಂದೆ ಬೆಕ್ಕಾಯಿತು ಎಂದುಕೊಂಡ.

ಅಂದು ಬನ್ನಿ ಹಬ್ಬ. ಆ ಕಡೆಯ ಪದ್ಧತಿಯಂತೆ ಸಂಜೆಗೆ ಜನ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಿರಿಯರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಿ, ಬಂಗಾರದಂಗ ಇರೋಣ ಎನ್ನುತ್ತಾರೆ. ವರ್ಷದ ಜಗಳ, ಮುನಿಸು ಅಲ್ಲಿಗೆ ಕರಗಬೇಕು. ಗದಿಗೆಪ್ಪನೂ ಬನ್ನಿ ಹಿಡಿದು ಸಾವ್ಕಾರರ ಮನೆಗೆ ಹೋದ.

ಪಡಸಾಲೆ ತುಂಬ ಜನ. ಮೂಲೆಯ ಮಂಚದ ಮೇಲೆ ಅವ್ವಾರು ಗೋಡೆಗೆ ಒರಗಿ ಕೂತಿದ್ದರು. ಯಾರು ಬನ್ನಿ ಕೊಟ್ಟರೂ ಪಕ್ಕಕ್ಕೆ ಇಡುತ್ತಿದ್ದರು. ಯಾರಿಗೂ ಹರಸುತ್ತಿರಲಿಲ್ಲ.

ಸಾವ್ಕಾರರು ಗದಿಗೆಪ್ಪನನ್ನು ಕಂಡು ಹೆಗಲ ಮೇಲೆ ಕೈ ಹಾಕಿದರು. ಬಂದವರಿಗೆಲ್ಲ ತೋರಿಸಿ, “ನೋಡ್ರಿ, ನನ್ನ ಕಾರ್ಖಾನಿ ನಿಂತಿದ್ದು ಇವನ ಮ್ಯಾಲೆ. ಇವನ ಬಾಯಾಗ ಸುಳ್ಳು ಬರಂಗಿಲ್ಲ,” ಎಂದರು.

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಗದಿಗೆಪ್ಪ ಆ ಕೈಯ ಕೆಳಗಿನಿಂದ ಸರಿದು ನಿಂತ. ಬನ್ನಿ ಎಲೆ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿತ್ತು.

“ಸಾವ್ಕಾರ್ರ, ನಾ ಸುಳ್ಳ ಹೇಳೀನಿ.”

ಪಡಸಾಲೆಯ ಜನವೆಲ್ಲ ತಿರುಗಿ ನೋಡಿತು.

“ನಿನ್ನಿ ಅಪಾಯ ಇತ್ತು. ನೀವೆಲ್ಲಾ ಹ್ವಾದ ಮ್ಯಾಲೆ ಮೀಟರ್ ಹಿಡದ್ನಿ. ಅವ್ವಾರು ಆರತಿ ಇಡೂ ಮಣಿ ಸುತ್ತ ಗ್ಯಾಸ್ ತುಂಬಿ ನಿಂತಿತ್ತು. ದಾನಮ್ಮ ಆ ತಾಟು ಕಸಗೊಳ್ಳದಿದ್ರ ಇವತ್ತ ಈ ಮನ್ಯಾಗ ಬನ್ನಿ ಕೊಡಾಕ ಯಾರೂ ಇರತಿದ್ದಿಲ್ಲ. ನಾನೂ ಇರತಿದ್ದಿಲ್ಲ. ಆಕಿ ನನ್ನ ಕರದ್ಲು. ನನಗ ಕೇಳಿಸಿತ್ತು. ಕೇಳಿಸದಂಗ ನಡದ್ನಿ. ಆಮ್ಯಾಲೆ ನೀವು ಕೇಳಿದಾಗ, ಆಕಿ ಗಾಬರಿ ಆಗ್ಯಾಳ ಅಂದ್ನಿ.”

ಸಾವ್ಕಾರರ ಮುಖದ ಬಣ್ಣ ಹೋಯಿತು. “ಮುಂಜಾನೆ ಫೋನಿನಾಗ ಕೇಳಿದ್ನಲ್ಲೋ? ಆಗಲ್ಲ ಅಂತ ಒಂದ ಮಾತ ಅಂದಿದ್ರ ನಾ ಕೇಳತಿದ್ದಿಲ್ಲೇನು?”

“ಕೇಳತಿದ್ರಿ. ನನಗ ಅನ್ನಾಕ ಆಗಲಿಲ್ರಿ. ಅವ್ವಾರ ಮುಲಾಜು.”

ಅವ್ವಾರು ಮಂಚದಿಂದ ಇಳಿದರು. ಗೋಡೆ ಹಿಡಿದು ನಡೆದು ಬಂದು ಅವನ ಎದುರು ನಿಂತರು. ಬೈಯುವ ದನಿಯಲ್ಲ ಅದು. ಅರ್ಥವಾಗದೆ ಕೇಳುವ ದನಿ.

“ನನಗ ಬ್ಯಾಡ ಅನ್ನಾಕ ನಿನಗ ನಾಚಿಕಿ ಬಂತು. ನನ್ನ ಸುಡಾಕ ಬರಲಿಲ್ಲೇನೋ ತಮ್ಮಾ?”

ಗದಿಗೆಪ್ಪ ಬಗ್ಗಿ ಅವರ ಕಾಲು ಮುಟ್ಟಲು ಹೋದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ನನ್ನ ಕಾಲು ಆಮ್ಯಾಲೆ. ನಿನ್ನಿಂದ ನಾ ಆ ಹುಡುಗಿಗೆ ಈ ಬಾಯಿಲೆ ಶಾಪ ಹಾಕೀನಿ. ನನ್ನ ಪ್ರಾಣ ಉಳಿಸಿದಾಕಿಗೆ. ಆ ಪಾಪ ನಿಂದೂ ಹೌದು, ನಂದೂ ಹೌದು. ನಡಿ, ಆಕಿ ಮನಿ ತೋರಸು.” ಮಗನ ಕಡೆ ತಿರುಗಿ, “ನೀನೂ ನಡಿ,” ಎಂದರು.

ದಾನೇಶ್ವರಿಯ ಮನೆಯ ಕಟ್ಟೆಯ ಮೇಲೆ ಆ ಸಂಜೆ ಬನ್ನಿ ಕೊಡಲು ಯಾರೂ ಬಂದಿರಲಿಲ್ಲ. ಸಾವ್ಕಾರರ ಕಾರು ನಿಂತಾಗ ಅವಳ ತಾಯಿ ಹೆದರಿ ಬಾಗಿಲಿಗೆ ಬಂದಳು. ಅವ್ವಾರು ಒಳಗೆ ಹೋದವರೇ ದಾನೇಶ್ವರಿಯ ಎರಡೂ ಕೈ ಹಿಡಿದು ಬನ್ನಿ ಇಟ್ಟರು. ಕಿರಿಯರು ಹಿರಿಯರಿಗೆ ಕೊಡುವ ಬನ್ನಿಯನ್ನು ಹಿರಿಯರೇ ಕಿರಿಯಳಿಗೆ ಕೊಟ್ಟರು.

“ಯವ್ವಾ, ನಾ ತಿಳೀದ ಅಂದೀನಿ. ಹೊಟ್ಟ್ಯಾಗ ಹಾಕ್ಕೋ. ನನ್ನ ಹರಕಿ ನಾ ಮನಿ ದೇವರ ಮುಂದ ತೀರಸತೀನಿ. ಮಷಿನ್‌ಗೆ ಹೂವು ಸಾಕು.”

ದಾನೇಶ್ವರಿ ಆಗ ಅತ್ತಳು. ಎರಡು ದಿನ ಅಳದಿದ್ದವಳು ಅವ್ವಾರ ಹೆಗಲಿಗೆ ತಲೆ ಇಟ್ಟು ಅತ್ತಳು. ಸಾವ್ಕಾರರು ಅವಳ ತಾಯಿಗೆ ಕೈ ಮುಗಿದು, ನಾಳೆಯಿಂದ ಮಗಳನ್ನು ಕಳಿಸಿರಿ ಎಂದರು.

ಕೊನೆಗೆ ಗದಿಗೆಪ್ಪ ಮುಂದೆ ಬಂದು ಎಲೆ ಚಾಚಿದ. ದಾನೇಶ್ವರಿ ಕಣ್ಣೊರೆಸಿಕೊಂಡಳು. ತೆಗೆದುಕೊಳ್ಳಲಿಲ್ಲ.

“ಸರ್, ನೀವು ಎಲ್ಲಾರ ಮುಂದ ಒಪ್ಪಿಕೊಂಡ್ರಿ. ಅದು ಸಣ್ಣ ಮಾತಲ್ಲ. ಸುಳ್ಳ ಹೇಳಿದ್ದೂ ನಾ ಮರೀಬಲ್ಲೆ. ಆದ್ರ ನಾ ಒದರಿದಾಗ ನೀವು ಕೇಳಿಸ್ಕೊಂಡು ಮುಂದ ಹ್ವಾದ್ರಿ. ಇನ್ನೊಮ್ಮೆ ಒದರಿದ್ರ ನಿಲ್ಲತೀರಂತ ನಾ ಹೆಂಗ ನಂಬಲಿ?”

ಗದಿಗೆಪ್ಪ ಎಲೆಯನ್ನು ಕಟ್ಟೆಯ ಮೇಲಿಟ್ಟು ಬಂದ.

ದಾನೇಶ್ವರಿ ಕೆಲಸಕ್ಕೆ ಮರಳಿದಳು. ಸಾವ್ಕಾರರು ಗದಿಗೆಪ್ಪನನ್ನು ತೆಗೆದುಹಾಕಲಿಲ್ಲ. ಆದರೆ ಹೆಗಲ ಮೇಲೆ ಕೈ ಹಾಕುವುದನ್ನು ಬಿಟ್ಟರು. ಆಳುಗಳು ಎದುರಿಗೆ ನಮಸ್ಕಾರ ಎನ್ನುತ್ತಿದ್ದರು, ಅವನು ಹೊಸಬರಿಗೆ ನಿಯಮ ಹೇಳುವಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗದಿಗೆಪ್ಪ ಅದನ್ನು ನೋಡಿಯೂ ಮಾತು ನಿಲ್ಲಿಸುತ್ತಿರಲಿಲ್ಲ. ಮೊದಲು ತಾನು ಮಾಡಿದ್ದನ್ನೇ ಹೇಳುತ್ತಿದ್ದ. ನಿಯಮ ಆಮೇಲೆ.

ಸಂತೆಯ ದಿನ ಆ ಲಾರಿ ಡ್ರೈವರ್ ಸಿಕ್ಕಿದ. ಗದಿಗೆಪ್ಪ ಅವನನ್ನು ತಡೆದು ನಿಲ್ಲಿಸಿ, “ಕಾಕಾ, ನಿನ್ನ ತಡದದ್ದು ತಪ್ಪಲ್ಲ. ಕೊರಳಪಟ್ಟಿ ಹಿಡದದ್ದು ತಪ್ಪು,” ಎಂದ. ಡ್ರೈವರ್ ನಕ್ಕು, “ಬಿಡ್ರಿ ಸಾಹೇಬ್ರ,” ಎಂದು ಹೋದ. ಆ ನಗೆಯೂ ಗದಿಗೆಪ್ಪನಿಗೆ ಚುಚ್ಚಿತು.

ಯಂತ್ರದ ಮನೆ ತೆರೆಯುವ ಮುಂಚೆ ಗದಿಗೆಪ್ಪ ಮೀಟರ್ ಹಿಡಿದು ನೋಡುತ್ತಿದ್ದ. “ಏನೂ ಇಲ್ಲ ದಾನಮ್ಮ,” ಎನ್ನುತ್ತಿದ್ದ. ಅವಳು ಸುಮ್ಮನೆ ಕೈ ಚಾಚಿ ಮೀಟರ್ ಇಸಿದುಕೊಂಡು ತಾನೂ ನೋಡುತ್ತಿದ್ದಳು. ಅಷ್ಟು ಹೊತ್ತು ಇನ್‌ಚಾರ್ಜ್ ಸಾಹೇಬ ಆಳುಗಳ ಎದುರು ಗೆರೆಯ ಹೊರಗೆ ಕೈಕಟ್ಟಿ ನಿಂತಿರಬೇಕು. ಅವಳು ಹೂಂ ಎಂದ ಮೇಲೇ ಒಳಗೆ. ಮೊದಮೊದಲು ಅವನಿಗೆ ನೆಲ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಆದರೂ ಒಮ್ಮೆಯೂ, ನಾ ನೋಡೀನಲ್ಲ, ಸಾಕು ಎನ್ನಲಿಲ್ಲ.

ಹೀಗೆ ಬಹಳ ಕಾಲ ಹೋಯಿತು. ಮೆಣಸಿನಕಾಯಿ ಸುಗ್ಗಿ ಬಂತು. ಕೆಲಸ ಮೈಮೇಲೆ ಬಿದ್ದಿತ್ತು. ಲಾರಿಗಳು ಸಾಲಾಗಿ ನಿಂತಿದ್ದವು. ಒಂದು ಮುಂಜಾನೆ ಗದಿಗೆಪ್ಪ ಮೀಟರ್ ಹಿಡಿದು ನೋಡಿ, “ಏನೂ ಇಲ್ಲ ದಾನಮ್ಮ,” ಎಂದ. ದಾನೇಶ್ವರಿ ಕೈ ಚಾಚಲಿಲ್ಲ. ಲ್ಯಾಬಿನ ಬಾಗಿಲಿಂದಲೇ, “ನೀವು ನೋಡೀರಲ್ಲ ಸರ್, ಮುಗೀತು. ತೆಗೀರಿ ಬಾಗಲಾ,” ಎಂದಳು.

ಎಷ್ಟು ದಿನದಿಂದ ಆ ಮಾತಿಗೆ ಅವನು ಕಾದಿದ್ದನೋ. ಅಂಗಳ ದಾಟಿ ಬಂದು ಮೀಟರನ್ನು ಅವಳ ಕೈಯಲ್ಲಿಟ್ಟ.

“ನೀ ನಂಬಿದಿಯಲ್ಲ, ಅಷ್ಟು ಸಾಕವ್ವಾ ನನಗ. ಆದ್ರ ಮೀಟರ್ ನೀನೂ ಹಿಡಿ. ನನ್ನ ಮುಲಾಜು ನಿನಗ ಬ್ಯಾಡ.”

ದಾನೇಶ್ವರಿ ಅವನ ಮುಖ ನೋಡಿದಳು. ಮೀಟರ್ ಹಿಡಿದು ಗೆರೆಯ ಕಡೆ ನಡೆದಳು. ಲಾರಿಗಳು ಕಾದವು.

ನೀತಿ: ಬೆಂಕಿಯ ಹತ್ತಿರ ಕೆಲಸ ಮಾಡುವವನಿಗೆ ‘ಬೇಡ’ ಎನ್ನುವ ಬಾಯಿ ಇರಬೇಕು. ಬಡವನಿಗೆ ಹೇಳಿದ ನಿಯಮವನ್ನೇ ಧಣಿಗೂ, ಉಪಕಾರ ಮಾಡಿದವರಿಗೂ, ದೇವರ ಹೆಸರಿನಲ್ಲಿ ಬಂದವರಿಗೂ ಹೇಳಬೇಕು. ಹೇಳುವಾಗ ಆಗುವ ನಾಚಿಕೆ ಒಂದು ಗಳಿಗೆಯದು. ಹೇಳದೆ ಉಳಿದ ನಾಚಿಕೆ ಬಹುಕಾಲ ಸುಡುತ್ತದೆ.